ಬೇಡ್ತಿ ನೀರು ಬೇಕೆಂದಿದ್ದೆ, ಮಂಗಟ್ಟೆ ನೋಡಿ ಬಂದೆ

ನಮ್ಮದು ಸಿಂಧನೂರು ತಾಲೂಕು, ಆರ್.ಎಚ್. ಕ್ಯಾಂಪ್. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಲ್ಲಿ ಮನೆಮಾರು ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರ ನೆಲೆ ಕೊಟ್ಟ ಜಾಗ ಇದು. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ತಾಲೂಕಿನಲ್ಲೇ ಹಾದು ಹೋಗುತ್ತದೆ. ಕಾಲುವೆಯ ಕೆಳಗಿದ್ದವರಿಗೆ ಭತ್ತ. ನನ್ನ ಆರು ಎಕರೆ ಕಾಲುವೆಗಿಂತ ಎತ್ತರದಲ್ಲಿದೆ, ನೀರು ಏರುವುದಿಲ್ಲ. ಹಾಗಾಗಿ ಜೋಳ, ತೊಗರಿ, ಕಡಲೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ.

ಇಂಥವನಿಗೆ ಯಾರಾದರೂ "ನಿಮ್ಮ ಜಿಲ್ಲೆಗೆ ಹೊಸ ನೀರು ಬರ್ತದ" ಎಂದರೆ ಕಿವಿ ನಿಮಿರುತ್ತದೆ. ಬೇಡ್ತಿ-ವರದಾ ಜೋಡಣೆ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಚಹಾದಂಗಡಿಯಲ್ಲಿ. ಉತ್ತರ ಕನ್ನಡದ ಬೇಡ್ತಿ ಹೊಳೆ ಸುಮ್ಮನೆ ಸಮುದ್ರಕ್ಕೆ ಹೋಗುತ್ತದೆ, ಅದನ್ನು ತಿರುಗಿಸಿ ವರದಾ ನದಿಗೆ ಹಾಕಿದರೆ ತುಂಗಭದ್ರೆಗೆ ಬರುತ್ತದೆ, ಅಲ್ಲಿಂದ ರಾಯಚೂರು ಜಿಲ್ಲೆಗೆ ಎಂದರು. "ಶಿರಸಿ ಕಡೆಯವರು ಬ್ಯಾಡ ಅಂತಾರಂತ. ಯಾವುದೋ ಹಕ್ಕಿ ಸಾಯ್ತದಂತ" ಎಂದು ಒಬ್ಬ ಹೇಳಿದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ನಗುವಿನ ಬಗ್ಗೆಯೇ ಈ ಲೇಖನ.

ಬರದ ವರ್ಷ ಒಂದು ಪ್ರಯಾಣ

2023ರ ಮುಂಗಾರು ಕೈ ಕೊಟ್ಟಿತು. ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದರು. ನನ್ನ ತೊಗರಿ ಮೊಣಕಾಲೆತ್ತರಕ್ಕೇ ನಿಂತಿತು. ಕಾಲುವೆ ಕೆಳಗಿನವರಿಗೂ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ತಮ್ಮನ ಮಗ ಅಡಿಕೆ ತೋಟದ ಕೆಲಸಕ್ಕೆಂದು ಯಲ್ಲಾಪುರ ತಾಲೂಕಿನ ಮಂಚಿಕೇರಿ ಕಡೆ ಹೋದ. 2024ರ ಮಾರ್ಚಿನಲ್ಲಿ ಅಲ್ಲಿ ಜಾರಿಬಿದ್ದು ಕಾಲು ಉಳುಕಿಸಿಕೊಂಡ. ಅವನನ್ನು ಕರೆತರಲು ನಾನು ಹೋದೆ. ತೋಟದ ಯಜಮಾನರು ನನ್ನದೇ ವಯಸ್ಸಿನವರು. ಹುಡುಗನಿಗೆ ಎಣ್ಣೆ ತಿಕ್ಕಿಸಿ, ಪಟ್ಟಿ ಕಟ್ಟಿಸಿ ಮನೆಯವನಂತೆ ನೋಡಿಕೊಂಡಿದ್ದರು. "ನಾಲ್ಕು ದಿನ ಇರಿ, ಕಾಲು ಊರುವಂತಾಗಲಿ" ಎಂದರು. ಇದ್ದೆ.

ಎರಡನೇ ದಿನ ಬೆಳಗ್ಗೆ ತೋಟದಲ್ಲಿ ನಿಂತಿದ್ದೆ. ತಲೆಯ ಮೇಲೆ ಉಗಿಬಂಡಿ ಹೋದ ಹಾಗೆ ಬುಸ್ ಬುಸ್ ಎಂದು ಸದ್ದಾಯಿತು. ಹೆದರಿ ಕೂತುಬಿಟ್ಟೆ. ಯಜಮಾನರು ನಕ್ಕರು. "ಅದು ಮಂಗಟ್ಟೆ ಮಾರಾಯ್ರೆ. ರೆಕ್ಕೆ ಸದ್ದು."

ನೋಡಿದರೆ ಕಪ್ಪು ಬಿಳಿ ಮೈ, ಹಳದಿ ಕುತ್ತಿಗೆ, ಮೊರದಂಥ ರೆಕ್ಕೆ. ಕೊಕ್ಕು ಬಾಳೆಕಾಯಿಗಿಂತ ದಪ್ಪ, ಅದರ ಮೇಲೆ ಇನ್ನೊಂದು ಟೊಪ್ಪಿಗೆ ಇಟ್ಟಂತೆ. ಇದಕ್ಕೆ ದೊಡ್ಡ ದಾಸಮಂಗಟ್ಟೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಗ್ರೇಟ್ ಹಾರ್ನ್‌ಬಿಲ್. ಕೊಕ್ಕಿನಿಂದ ಬಾಲದ ತನಕ ಮೂರು ಅಡಿಗೂ ಮಿಕ್ಕಿ. ಕೇರಳ ಮತ್ತು ಅರುಣಾಚಲ ಪ್ರದೇಶಗಳಿಗೆ ಇದು ರಾಜ್ಯಪಕ್ಷಿ. ಕಾಡು ಕಡಿದದ್ದರಿಂದ, ಬೇಟೆಯಿಂದ ಜಗತ್ತಿನಲ್ಲಿ ಇದರ ಸಂಖ್ಯೆ ಇಳಿಯುತ್ತಿದೆ ಎಂದು 2018ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಸಣ್ಣ ಬೂದು ಮಂಗಟ್ಟೆಯೂ ಅದೇ ಪಟ್ಟಿಯಲ್ಲಿದೆ.

ಬಾಗಿಲು ಮುಚ್ಚಿಕೊಂಡ ತಾಯಿ

ಸಂಜೆ ಯಜಮಾನರು ತಮ್ಮ ಸೊಪ್ಪಿನ ಬೆಟ್ಟಕ್ಕೆ ಕರೆದುಕೊಂಡು ಹೋದರು. ನಮ್ಮ ಕಡೆಯವರಿಗೆ ಸೊಪ್ಪಿನ ಬೆಟ್ಟ ಗೊತ್ತಿರಲಿಕ್ಕಿಲ್ಲ. ತೋಟಕ್ಕೆ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟ ಕಾಡು ಅದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ. ನೆಲ ಸರಕಾರದ್ದು, ಸೊಪ್ಪಿನ ಹಕ್ಕು ತೋಟಿಗರದು.

ಅಲ್ಲೊಂದು ಹಳೇ ಮರ. ಮೂವರು ಕೈ ಹಿಡಿದರೂ ಬಳಸಲಾಗದು. ಮೂವತ್ತು ನಲವತ್ತು ಅಡಿ ಮೇಲೆ ಪೊಟರೆ. ಪೊಟರೆಯ ಬಾಯಿ ಮುಚ್ಚಿದೆ, ನಡುವೆ ಒಂದು ಸೀಳು ಮಾತ್ರ. ದೂರದ ಮರದ ಮರೆಯಲ್ಲಿ ಕೂತೆವು. ಅರ್ಧ ಗಂಟೆಯ ಮೇಲೆ ಗಂಡು ಬಂತು. ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನೊಳಗೆ ಕೊಟ್ಟಿತು. ಎಣಿಸಿದೆ, ಇಪ್ಪತ್ತರ ಮೇಲೆ ಲೆಕ್ಕ ತಪ್ಪಿತು.

ಹೆಣ್ಣು ಮೊಟ್ಟೆ ಇಡುವ ಮೊದಲು ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮತ್ತು ತಿಂದ ಹಣ್ಣಿನ ಗಸಿಯಿಂದ ಬಾಗಿಲು ಮೆತ್ತಿಕೊಳ್ಳುತ್ತದೆ. ಕೊಕ್ಕು ಹೊರಹಾಕುವಷ್ಟೇ ಸಂದು. ಒಳಗೆ ಕೂತಾಗ ರೆಕ್ಕೆ ಬಾಲದ ಪುಕ್ಕ ಉದುರುತ್ತವೆ, ಹಾರಲಾಗದು. ಇಡುವುದು ಒಂದೋ ಎರಡೋ ಮೊಟ್ಟೆ, ಸಾಧಾರಣವಾಗಿ ಬದುಕುವುದು ಒಂದೇ ಮರಿ. ಮೂರು ತಿಂಗಳಿಗೂ ಮೇಲ್ಪಟ್ಟು ಗೂಡಿನ ಸಂಸಾರ ಗಂಡಿನ ದುಡಿಮೆಯ ಮೇಲೆ ನಿಂತಿರುತ್ತದೆ. ಆ ದಿನಗಳಲ್ಲಿ ಗಂಡನ್ನು ಯಾರಾದರೂ ಹೊಡೆದರೆ ಒಳಗಿನ ತಾಯಿ ಮರಿಗಳೂ ಉಪವಾಸ ಬೀಳುತ್ತವೆ. ಗುಳೆ ಹೋದ ಗಂಡಸಿನ ದುಡ್ಡಿಗೆ ಕಾದು ಕೂತ ಮನೆಗಳನ್ನು ನಾನು ಬಲ್ಲೆ. ಹಾಗಾಗಿ ಅದನ್ನು ಬಹಳ ಹೊತ್ತು ನೋಡುತ್ತ ಕೂತೆ.

ಇನ್ನೊಂದು ಮಾತು. ಮರಕುಟಿಗನ ಹಾಗೆ ಮಂಗಟ್ಟೆಗೆ ಮರ ಕೊರೆಯಲು ಬಾರದು. ಅಷ್ಟು ದೊಡ್ಡ ಪೊಟರೆ ತಾನಾಗಿ ಆಗಬೇಕೆಂದರೆ ಮರಕ್ಕೆ ಬಹಳ ವಯಸ್ಸಾಗಿರಬೇಕು. ಒಂದೇ ಪೊಟರೆಗೆ ವರ್ಷ ವರ್ಷವೂ ಬರುತ್ತವೆ. ನಮ್ಮ ಕಣ್ಣಿಗೆ ಟೊಳ್ಳು ಮರ ಎಂದರೆ ಕಟ್ಟಿಗೆ. ಅದಕ್ಕೆ ಅದೇ ಮನೆ.

ಹಕ್ಕಿ ಬಿತ್ತಿದ ಕಾಡು

ಮರದ ಬುಡದಲ್ಲಿ ಬೀಜಗಳ ರಾಶಿ ಇತ್ತು. ರಾಮಪತ್ರೆಯ ಬೀಜ, ಇನ್ನೂ ಹೆಸರು ತಿಳಿಯದ ಕೆಲವು. ಕೆಲವು ಮೊಳಕೆ ಒಡೆದಿದ್ದವು. ಮಂಗಟ್ಟೆಯ ಮುಖ್ಯ ಊಟ ಅತ್ತಿ, ಬಸರಿ, ಆಲದ ಜಾತಿಯ ಹಣ್ಣು. ಜೊತೆಗೆ ದೊಡ್ಡ ಬೀಜದ ಕಾಡುಹಣ್ಣು. ಸಣ್ಣ ಹಕ್ಕಿಗಳಿಗೆ ಇಂಥ ಬೀಜ ನುಂಗಲಾಗದು. ಮಂಗಟ್ಟೆ ನುಂಗಿ, ಹಾರಿ, ದೂರದಲ್ಲಿ ಉಗುಳುತ್ತದೆ. ನಾವು ಕೂರಿಗೆ ಹಿಡಿದು ಬಿತ್ತುತ್ತೇವೆ, ಅದು ಕೊಕ್ಕಿನಲ್ಲಿ ಬಿತ್ತುತ್ತದೆ. ಮಂಗಟ್ಟೆ ಹೋದರೆ ಕಾಡು ಮರುದಿನವೇ ಸಾಯುವುದಿಲ್ಲ. ಆದರೆ ಮುದಿ ಮರ ಬಿದ್ದಾಗ ಅದರ ಜಾಗ ತುಂಬುವ ಸಸಿ ಕಡಿಮೆಯಾಗುತ್ತದೆ.

ತೋಟಿಗರು ಹಾಕಿದ ಲೆಕ್ಕ

ಈ ಕಾಡು ಸುಮ್ಮನೆ ಉಳಿದಿಲ್ಲ. ಬೇಡ್ತಿಗೆ ಅಣೆಕಟ್ಟು ಕಟ್ಟಿ 210 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆ 1970ರ ದಶಕದ ಕೊನೆಗೆ ಬಂತು. ತೋಟ, ಕಾಡು ಮುಳುಗುತ್ತಿದ್ದವು. ಆಗ ಜನ ಬರೀ ಕೂಗಾಡಲಿಲ್ಲ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಅಡಿಕೆ ಮಾರುವ ರೈತರ ಸ್ವಂತ ಸಂಘ, 1981ರಲ್ಲಿ ವಿಜ್ಞಾನಿಗಳನ್ನೂ ತಿಳಿದವರನ್ನೂ ಕರೆಸಿ ವಿಚಾರಗೋಷ್ಠಿ ಮಾಡಿತು. ಸರಕಾರದ ಲೆಕ್ಕದಲ್ಲಿ ಇಲ್ಲದ ಕಾಡಿನ ಬೆಲೆ, ತೋಟದ ಬೆಲೆ ಎಲ್ಲ ಸೇರಿಸಿ ಲಾಭನಷ್ಟ ನೋಡಿದರು. ಕೊನೆಗೆ ಆ ಯೋಜನೆ ನಿಂತಿತು. ಒಂದು ಅಣೆಕಟ್ಟಿನ ಲೆಕ್ಕವನ್ನು ರೈತರ ಸಂಘವೇ ಕೂತು ಹಾಕಿಸಿದ್ದು ನನಗೆ ಹೊಸ ಸುದ್ದಿ. ನಮ್ಮ ಸೊಸೈಟಿಗಳಲ್ಲಿ ಗೊಬ್ಬರದ ಚೀಲದ ಲೆಕ್ಕವೇ ಸರಿ ಹೋಗುವುದಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರು ಅದರ ಮುಂದಾಳು. ಅವರು ನಿಂತದ್ದು ನೀರಿಗಾಗಿ, ಸೊಪ್ಪಿಗಾಗಿ, ಮಣ್ಣಿಗಾಗಿ. ಹಕ್ಕಿಯ ಹೆಸರು ಆಗ ಯಾರ ಬಾಯಲ್ಲೂ ದೊಡ್ಡದಾಗಿ ಇರಲಿಲ್ಲ. ಆದರೆ ಮರ ಉಳಿದಲ್ಲಿ ಪೊಟರೆಯೂ ಉಳಿಯಿತು.

2011ರಲ್ಲಿ ಹಕ್ಕಿಯ ಹೆಸರಿನಲ್ಲೇ ದಾಂಡೇಲಿಯಲ್ಲಿ 52.50 ಚದರ ಕಿಲೋಮೀಟರ್ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಆಯಿತು. ನಾಲ್ಕು ಜಾತಿಯ ಮಂಗಟ್ಟೆಗಳು ಅಲ್ಲಿವೆ. ಅದೇ ಸುಮಾರಿಗೆ ಬೇಡ್ತಿ ಕಣಿವೆಯಲ್ಲಿ 57.30 ಚದರ ಕಿಲೋಮೀಟರ್ ಮೀಸಲಾಯಿತು. ಸಂರಕ್ಷಣಾ ಮೀಸಲು ಅಭಯಾರಣ್ಯದಷ್ಟು ಬಿಗಿ ಅಲ್ಲ. ಸ್ಥಳೀಯರನ್ನು ಕೇಳಿ ಮಾಡಬೇಕು. ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿ ಇರಬೇಕೆಂದು ಕಾನೂನೇ ಹೇಳುತ್ತದೆ.

ಬೇರೆ ಕಡೆಯೂ ಮಂಗಟ್ಟೆ ಉಳಿದದ್ದು ಹತ್ತಿರದ ಜನರಿಂದಲೇ. ಕೇರಳದ ವಾಳಚ್ಚಾಲ್ ಕಾಡಿನ ಕಾಡರ್ ಜನ ಮೊದಲು ಮರ ಹತ್ತಿ ಮರಿ ಹಿಡಿದು ತಿನ್ನುತ್ತಿದ್ದರು. ಗೂಡು ಎಲ್ಲಿದೆ ಎಂದು ಅವರಷ್ಟು ಬಲ್ಲವರು ಬೇರೆ ಇಲ್ಲ. ಈಗ ಅವರೇ ಗೂಡು ಕಾಯುವವರು, ಅದಕ್ಕೆ ಸಂಬಳವೂ ಉಂಟು. ಅರುಣಾಚಲದ ಪಕ್ಕೆ ಕಾಡಿನಲ್ಲಿ ನಿಶಿ ಜನ ಮಂಗಟ್ಟೆಯ ಕೊಕ್ಕನ್ನು ಟೋಪಿಗೆ ಸಿಕ್ಕಿಸುತ್ತಿದ್ದರು. ಈಗ ಫೈಬರಿನ ಕೊಕ್ಕು ಬಂದಿದೆ. ಊರಿನ ಹಿರಿಯರು, ಅರಣ್ಯ ಇಲಾಖೆ, ಒಂದು ಸಂಶೋಧನಾ ಸಂಸ್ಥೆ ಸೇರಿ 2011-12ರ ಸುಮಾರಿಗೆ ಗೂಡು ದತ್ತು ಯೋಜನೆ ಶುರು ಮಾಡಿದರು. ಪಟ್ಟಣದವರು ಕೊಡುವ ಹಣದಿಂದ ಹಳ್ಳಿಯವರು ಗೂಡು ಕಾಯುತ್ತಾರೆ. ಅವರಲ್ಲಿ ಹಿಂದೆ ಬೇಟೆಯಾಡಿದವರೂ ಇದ್ದಾರೆ.

ಜಗುಲಿಯ ಜಗಳ

ಮೂರನೇ ರಾತ್ರಿ ಜಗುಲಿಯಲ್ಲಿ ಮಾತು ಬಂತು. ಬೇಡ್ತಿ-ವರದಾ ಜೋಡಣೆ ಮತ್ತೆ ಮೇಲೆದ್ದಾಗ 2022ರ ಜೂನಿನಲ್ಲಿ ಮಂಚಿಕೇರಿಯಲ್ಲಿ ಸಾವಿರಾರು ಜನ ಸೇರಿ ಬೇಡ ಎಂದಿದ್ದರು. ಸೋಂದಾ ಸ್ವರ್ಣವಲ್ಲಿ ಮಠದ ಸ್ವಾಮಿಗಳು ಮುಂದೆ ನಿಂತಿದ್ದರು. ನಮ್ಮ ಯಜಮಾನರೂ ಹೋಗಿದ್ದರಂತೆ.

ನಾನು ಮನಸ್ಸಿನಲ್ಲಿದ್ದುದನ್ನು ಹೇಳಿದೆ. "ಯಜಮಾನ್ರ, ಸಿಟ್ಟಾಗಬ್ಯಾಡ್ರಿ. ಆ ನೀರು ನಮ್ಮ ಜಿಲ್ಲಾಕ್ಕ ಬರೋದು. ನಿಮಗ ತೋಟ ಅದ, ಹಳ್ಳ ಅದ, ಹಕ್ಕಿ ಅದ. ನಮಗ ಕುಡಿಯಾಕ ನೀರಿಲ್ಲ. ಹೊಟ್ಟಿ ತುಂಬಿದವರಿಗೆ ಹಕ್ಕಿ ನೆನಪಾಗ್ತದ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟಾರ್ಚ್ ಹಿಡಿದು ತೋಟದ ತಲೆಗಿದ್ದ ಅಬ್ಬಿಗೆ ಕರೆದುಕೊಂಡು ಹೋದರು. ಬೆರಳು ಗಾತ್ರ ನೀರು. "ನಮ್ಮ ಅಜ್ಜನ ಕಾಲದಲ್ಲಿ ಮೇ ತಿಂಗಳಲ್ಲೂ ಕೈ ತುಂಬ ಬರ್ತಿತ್ತು. ಈಗ ಏಪ್ರಿಲ್ಲಿಗೆ ನಿಲ್ತದೆ. ಹೆಚ್ಚಾದ ನೀರು ಅಂತ ಬರೀತಾರಲ್ಲ, ಅದು ಮಳೆಗಾಲದ ನಾಲ್ಕು ತಿಂಗಳು ನೋಡಿದವರ ಮಾತು. ತಪ್ಪು ನಮ್ಮದೂ ಉಂಟು, ಸುಳ್ಳು ಹೇಳೂದಿಲ್ಲ. ಅಡಿಕೆಗೆ ರೇಟು ಬಂತು ಅಂತ ನಮ್ಮವರೇ ಬೆಟ್ಟ ಬೋಳಿಸಿ ಸಸಿ ನೆಟ್ಟಿದ್ದಾರೆ. ಮಂಗಟ್ಟೆಗೆ ಮೊದಲ ಕೊಡಲಿ ಹಾಕಿದ್ದು ಸರಕಾರ ಒಂದೇ ಅಲ್ಲ."

ತಪ್ಪನ್ನು ಮೊದಲು ತಮ್ಮ ಮೇಲೆ ಹಾಕಿಕೊಂಡವರ ಹತ್ತಿರ ಜಗಳ ಆಡುವುದು ಕಷ್ಟ. "ನಿಮ್ಮ ಕಡೆ ಇಂಥ ಹಕ್ಕಿ ಇಲ್ವಾ?" ಎಂದು ಕೇಳಿದರು.

ನಮ್ಮ ಹಕ್ಕಿ ಎಲ್ಲಿ?

ಇತ್ತು. ನಮ್ಮ ಎರೆನೆಲದ ಹಕ್ಕಿ ಎರೆಭೂತ. ಯರ್ಲಡ್ಡು, ದೊರವಾಯನ ಹಕ್ಕಿ ಎಂತಲೂ ಹೆಸರು. ಆಳೆತ್ತರಕ್ಕೆ ಒಂದು ಮೊಳ ಕಡಿಮೆ ಎಂದು ನಮ್ಮಪ್ಪ ಕೈ ತೋರಿಸುತ್ತಿದ್ದ. ನಾನು ಕಣ್ಣಾರೆ ನೋಡಿದ್ದಿಲ್ಲ. ಹಾರುವ ಹಕ್ಕಿಗಳಲ್ಲಿ ಬಹಳ ಭಾರದ್ದು, ಗಂಡು ಹತ್ತು ಕಿಲೋ ದಾಟುತ್ತದೆ. ವರ್ಷಕ್ಕೆ ಸಾಧಾರಣವಾಗಿ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ಇಡೀ ದೇಶದಲ್ಲಿ ಈಗ ನೂರೈವತ್ತೂ ಉಳಿದಿಲ್ಲ ಎನ್ನುತ್ತಾರೆ. ಹೊಳೆಯಾಚೆ ಸಿರುಗುಪ್ಪದ ಎರೆಹೊಲಗಳಲ್ಲಿ ಈಚಿನ ವರ್ಷಗಳವರೆಗೆ ಬೆರಳೆಣಿಕೆಯಷ್ಟು ಕಂಡಿವೆ. ಹುಲ್ಲುಗಾವಲು, ಬೀಳು ಹೊಲ ಹೋದವು, ನಾಯಿ ಹೆಚ್ಚಿದವು. ಅದಕ್ಕೆ ಎದುರಿನದು ಸರಿಯಾಗಿ ಕಾಣದಾದ್ದರಿಂದ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ.

ಅದನ್ನು ಉಳಿಸಲು ಹೋಗಿ ಮಾಡಿದ ತಪ್ಪೂ ಇದೆ. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ರೈತರ ಹೊಲಗಳನ್ನೂ ಸೇರಿಸಿ ಅಭಯಾರಣ್ಯ ಸಾರಿದರು. ಹೊಲ ಮಾರಲೂ ಆಗದೆ ರೈತರು ಹಕ್ಕಿಯನ್ನೇ ಶಪಿಸಿದರು. ಹತ್ತು ಹದಿನೈದು ವರ್ಷದಲ್ಲಿ ಹಕ್ಕಿ ಅಲ್ಲಿಂದ ಪೂರ್ತಿ ಹೋಯಿತು. ಹೊಲದವನನ್ನು ಬಿಟ್ಟು ಹೊಲದ ಹಕ್ಕಿ ಉಳಿಸಲಾಗದು. ಆದರೆ ನಮ್ಮ ತಾಲೂಕಿನಲ್ಲಿ ಹಕ್ಕಿ ಹೋದದ್ದಕ್ಕೆ ಅಂಥ ನೆಪವೂ ಇಲ್ಲ. ಹೋದದ್ದು ಯಾವ ವರ್ಷ ಎಂದು ಒಬ್ಬರೂ ಹೇಳಲಾರರು. ಯಜಮಾನರ ಪ್ರಶ್ನೆಗೆ "ಇತ್ತು, ಹೋಯಿತು" ಎಂದಷ್ಟೇ ಹೇಳಿದೆ. ಚಹಾದಂಗಡಿಯಲ್ಲಿ ನಕ್ಕದ್ದು ಆಗ ನೆನಪಾಯಿತು.

ಹೂಳಿನ ಲೆಕ್ಕ

ಊರಿಗೆ ಬಂದ ಮೇಲೆ ತೋಟಿಗರ ಹಾಗೆ ನಾನೂ ಲೆಕ್ಕಕ್ಕೆ ಕೂತೆ. ನನಗೆ ಏಳನೇ ಇಯತ್ತೆಯ ಲೆಕ್ಕ ಸಾಕಾಯಿತು.

ಬೇಡ್ತಿ-ವರದಾ ಜೋಡಣೆಯ ಮೊದಲ ವರದಿಯಲ್ಲಿ ಪಟ್ಟಣದಹಳ್ಳ, ಶಾಲ್ಮಲಾ ಹಳ್ಳಗಳಿಗೆ ಅಣೆ ಕಟ್ಟಿ 242 ದಶಲಕ್ಷ ಘನಮೀಟರ್ ನೀರು ತಿರುಗಿಸಿ ರಾಯಚೂರು ಜಿಲ್ಲೆಯ 60,200 ಹೆಕ್ಟೇರಿಗೆ ಕೊಡುವ ಮಾತಿದೆ. ಆಮೇಲೆ ಯೋಜನೆಯ ರೂಪ ಬದಲಾಗುತ್ತ ಬಂದಿದೆ. 242 ದಶಲಕ್ಷ ಘನಮೀಟರ್ ಎಂದರೆ ಸುಮಾರು ಎಂಟೂವರೆ ಟಿಎಂಸಿ.

ಈಗ ತುಂಗಭದ್ರಾ ಜಲಾಶಯ. 1953ರಲ್ಲಿ ನೀರು ನಿಂತಾಗ ಅದರ ಒಡಲು ಸುಮಾರು 133 ಟಿಎಂಸಿ. 2016ರ ಅಳತೆಯಲ್ಲಿ ಸುಮಾರು 105.8. ಅಂದರೆ ಹೂಳು ನುಂಗಿದ್ದು 27 ಟಿಎಂಸಿ. ಬೇಡ್ತಿಯಿಂದ ತರಬೇಕೆಂದ ನೀರಿನ ಮೂರು ಪಟ್ಟು ಜಾಗವನ್ನು ನಾವು ಮಣ್ಣಿಗೆ ಬಿಟ್ಟುಕೊಟ್ಟಿದ್ದೇವೆ. ಆ ಮಣ್ಣು ಎಲ್ಲಿಂದ ಬಂತು? ಮೇಲಿನ ಸೀಮೆಯ ಬೋಳಾದ ಗುಡ್ಡದಿಂದ, ಅಗೆದ ನೆಲದಿಂದ, ಒಡ್ಡಿಲ್ಲದ ಹೊಲದಿಂದ. ತುಂಗಾ ಭದ್ರಾ ಎರಡೂ ಹುಟ್ಟುವುದು ಕುದುರೆಮುಖದ ಗಂಗಾಮೂಲದ ಮಳೆಕಾಡಿನಲ್ಲಿ. ಅಲ್ಲಿಯೂ ಮಂಗಟ್ಟೆ ಉಂಟು. ಅದು ಬೀಜ ಉಗುಳಿ ಬೆಳೆಸಿದ ಕಾಡಿನ ನೀರೇ ನಮ್ಮ ಕಾಲುವೆಗೂ ಬರುತ್ತದೆ. ಮೇಲೆ ಕಾಡು ಕಡಿದರೆ ಕೆಳಗೆ ಬರುವುದು ನೀರಲ್ಲ, ಹೂಳು.

ಇದ್ದ ನೀರಿನ ಹಂಚಿಕೆಯೂ ನೋಡಿ. ಎಡದಂಡೆ ಕಾಲುವೆ 227 ಕಿಲೋಮೀಟರ್. ಜೋಳ, ಹತ್ತಿ, ಸೇಂಗಾದಂಥ ಕಡಿಮೆ ನೀರಿನ ಬೆಳೆ ಲೆಕ್ಕ ಹಿಡಿದು ಮಾಡಿದ್ದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗದವರು ವರ್ಷವೂ ನೀರಿಗೆ ಧರಣಿ ಕೂಡುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು, ತುಂಬಿದ ನೀರು ಕಣ್ಣೆದುರು ಹರಿದುಹೋಯಿತು. ಹೊಸ ನೀರು ತಂದು ಇದೇ ತೂತು ಕೊಡಕ್ಕೆ ಸುರಿದರೆ ಕಾಲುವೆಗಿಂತ ಮೇಲಿರುವ ನನ್ನ ಹೊಲಕ್ಕೆ ಎಷ್ಟು ಮುಟ್ಟೀತು?

ಹಾಗೆಂದು ನಮಗೆ ನೀರು ಬೇಡ ಎಂದು ನಾನು ಬರೆಯಲಾರೆ. ಬರದಲ್ಲಿ ಎತ್ತು ಮಾರಿದವನು ಆ ಮಾತು ಬರೆದರೆ ಸುಳ್ಳಾಗುತ್ತದೆ. ನಾನು ಹೇಳುವುದು ಇಷ್ಟೇ. ನಮ್ಮ ಹೆಸರು ಹೇಳಿ ಇನ್ನೊಬ್ಬರ ಕಾಡು ಕಡಿಯುವ ಮೊದಲು ನಮ್ಮನ್ನೂ ಒಂದು ಮಾತು ಕೇಳಲಿ. ಮೊದಲು ಹೂಳಿನ ಲೆಕ್ಕ, ಹಂಚಿಕೆಯ ಲೆಕ್ಕ ಮುಂದಿಡಲಿ. ಪುನರ್ವಸತಿ ಎಂಬ ಹೆಸರಿನ ಊರಲ್ಲಿ ಬಾಳಿದವನಿಗೆ ನೆಲೆ ಕಳಕೊಳ್ಳುವುದು ಅಂದರೇನು ಎಂದು ಬಂಗಾಳಿ ಮುದುಕರ ಮಾತಿನಿಂದಲೇ ಗೊತ್ತು. ಪೊಟರೆಯೊಳಗಿನ ತಾಯಿಗೆ ಪುನರ್ವಸತಿ ಕ್ಯಾಂಪು ಹಾಕಲು ಬರುವುದಿಲ್ಲ.

ಬದುವಿನ ಬೇವು

ಕೊನೆಗೆ ನನ್ನ ಹೊಲದ ಸುದ್ದಿ. ಬದುವಿನ ಮೇಲೆ ನಮ್ಮಜ್ಜನ ಕಾಲದ ಬೇವಿನ ಮರ ಇದೆ. ಅರ್ಧ ಟೊಳ್ಳು. ಬರದ ವರ್ಷ ಕಟ್ಟಿಗೆ ವ್ಯಾಪಾರಿಗೆ ಮಾತು ಕೊಟ್ಟು ಎರಡು ಸಾವಿರ ಮುಂಗಡ ತಗೊಂಡಿದ್ದೆ. ಮಂಚಿಕೇರಿಯಿಂದ ಬಂದ ವಾರ ಆ ಮರದ ಕೆಳಗೆ ಕೂತು ನೋಡಿದೆ. ಮೇಲಿನ ತೂತಿನಲ್ಲಿ ಗೂಬೆ ಜೋಡಿ, ಕೆಳಗಿನದರಲ್ಲಿ ಗಿಳಿ. ಐವತ್ತು ವರ್ಷ ಅದರ ನೆರಳಿಗೆ ಉಂಡಿದ್ದೇನೆ, ಒಂದು ದಿನ ತಲೆ ಎತ್ತಿ ನೋಡಿದ್ದಿಲ್ಲ. ನಮ್ಮ ಕಡಲೆ ಹೊಲದ ಇಲಿಗೆ ಆ ಗೂಬೆಗಳೇ ಕಾವಲು.

ಮುಂಗಡ ತಿರುಗಿ ಕೊಟ್ಟೆ. ಮನೆಯಾಕೆ ಎರಡು ದಿನ ಮಾತಾಡಲಿಲ್ಲ, ಅವಳ ಸಿಟ್ಟಿನಲ್ಲಿ ನ್ಯಾಯ ಇತ್ತು. 2025ರ ಬೇಸಿಗೆಯಲ್ಲಿ ಹೊಲದ ತಗ್ಗಿನ ಕಡೆ ಕೃಷಿ ಹೊಂಡ ತೆಗೆಸಿದೆ. ಬದು ಎತ್ತರಿಸಿದೆ. ಹೊಂಡದ ಮಣ್ಣನ್ನು ಬೇವಿನ ಬುಡಕ್ಕೆ ಹಾಕಿದೆ. ಎರೆಭೂತ ಇನ್ನು ನಮ್ಮ ಹೊಲಕ್ಕೆ ಬರುತ್ತದೆಂಬ ಆಸೆ ಇಲ್ಲ. ಇರುವುದನ್ನು ಎಣಿಸಿಡೋಣ ಎಂದು ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಹೊಲಕ್ಕೆ ಬರುವ ಹಕ್ಕಿಗಳ ಹೆಸರು ಬರೆಯುತ್ತಿದ್ದೇವೆ. ಇವತ್ತಿಗೆ ಇಪ್ಪತ್ತಾರು ಆಗಿವೆ.

ನಿಮ್ಮ ಬದುವಿನಲ್ಲೂ ಒಂದು ಟೊಳ್ಳು ಮರ ಇದ್ದೀತು. ಕಡಿಯುವ ಮೊದಲು ಒಂದು ಸಂಜೆ ಅದರ ಕೆಳಗೆ ಸುಮ್ಮನೆ ಕೂತು ನೋಡಿ. ಒಳಗೆ ಯಾರಿದ್ದಾರೆಂದು ಗೊತ್ತಾದ ಮೇಲೆ ಏನು ಮಾಡಬೇಕು ಎನ್ನುವುದು ನಿಮಗೆ ಬಿಟ್ಟದ್ದು.